ವಾಡಿ ದಾರಿಯ ಉಗಿಬಂಡಿ



ಸಿಕಂದರಾಬಾದಿನಲ್ಲಿ ರೈಲು ಹತ್ತಿ ಕಲಬುರಗಿಗೋ ರಾಯಚೂರಿಗೋ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ಹಬ್ಬಕ್ಕೆ, ಮದುವೆಗೆ, ಹೊಲದ ಲೆಕ್ಕಕ್ಕೆ ಹೋಗಿ ಬರುತ್ತೇವೆ. ವಿಕಾರಾಬಾದ್, ತಾಂಡೂರು ದಾಟಿ ಸೇಡಂ ಬಂದಾಗ ಕಿಟಕಿಯಾಚೆ ಕನ್ನಡದ ಬೋರ್ಡು ಕಂಡು ಏನೋ ಒಂದು ಸಮಾಧಾನ. ಆ ದಾರಿಗೆ ಈಗ ನೂರೈವತ್ತು ವರ್ಷ ದಾಟಿದೆ. ಇಂದು ಆ ದಾರಿಯಲ್ಲಿ ಓಡಿದ ಉಗಿ ಎಂಜಿನ್‌ಗಳ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅವುಗಳನ್ನು ಸಾಕಿದವರ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು.

ಮುಂಬಯಿಯಿಂದ ಹೊರಟ ಜಿ.ಐ.ಪಿ. ರೈಲ್ವೆಯ ಹಳಿ ಕಲಬುರಗಿ, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರಿನ ಬಳಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ನಿಜಾಮರ ಸೀಮೆಯೊಳಗೇ ರೈಲು ಓಡುತ್ತಿದ್ದರೂ ರಾಜಧಾನಿಗೆ ರೈಲು ಇರಲಿಲ್ಲ. ದಿವಾನ ಸಾಲಾರ್ ಜಂಗ್ ಅವರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಸುಮಾರು 190 ಕಿಲೋಮೀಟರ್ ದಾರಿ ತೆರೆಯಿತು. ಮುಂದೆ ಅದನ್ನು ‘ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’ ಎಂಬ ಕಂಪನಿ ನಡೆಸಿತು. ಹಾಕಿದ ಬಂಡವಾಳಕ್ಕೆ ಬಡ್ಡಿ ಕೊಡುತ್ತೇವೆಂದು ನಿಜಾಮ್ ಸರ್ಕಾರ ಗ್ಯಾರಂಟಿ ನಿಂತಿತ್ತು. ಅದಕ್ಕೇ ಆ ಹೆಸರು. 1930ರಲ್ಲಿ ಸರ್ಕಾರವೇ ರೈಲ್ವೆಯನ್ನು ಕೊಂಡುಕೊಂಡಿತು. 1951ರಲ್ಲಿ ಅದು ಮಧ್ಯ ರೈಲ್ವೆಗೆ ಸೇರಿತು. 1966ರಿಂದ ನಮ್ಮ ಸಿಕಂದರಾಬಾದೇ ಕೇಂದ್ರವಾಗಿರುವ ದಕ್ಷಿಣ ಮಧ್ಯ ರೈಲ್ವೆ ಇದೆ.

ಉಗಿಬಂಡಿಗೆ ಬೇಕಾದದ್ದು ಎರಡೇ: ಕಲ್ಲಿದ್ದಲು ಮತ್ತು ನೀರು. ಕಲ್ಲಿದ್ದಲು ನಿಜಾಮರ ನೆಲದಲ್ಲೇ ಸಿಕ್ಕಿತು. ಭೂವಿಜ್ಞಾನಿ ವಿಲಿಯಂ ಕಿಂಗ್ 1871ರಲ್ಲಿ ಯಲ್ಲಂದು ಬಳಿ ಅದನ್ನು ಗುರುತಿಸಿದರು. 1889ರಲ್ಲಿ ಹಳಿ ಬೆಜವಾಡದವರೆಗೆ, ಅಂದರೆ ಇಂದಿನ ವಿಜಯವಾಡದವರೆಗೆ, ಮುಟ್ಟಿತು. ಆ ಹೊತ್ತಿಗೇ ಸಿಂಗರೇಣಿಯ ಗಣಿಗಳೂ ಶುರುವಾದವು. ಕಲ್ಲಿದ್ದಲನ್ನು ಹೊರುವುದೂ ಎಂಜಿನ್ನೇ, ತಿನ್ನುವುದೂ ಎಂಜಿನ್ನೇ.

ನೀರಿನ ಕಥೆ ಬೇರೆ. ವಾಡಿ, ಶಹಾಬಾದ್, ಸೇಡಂ ಸೀಮೆ ಸುಣ್ಣಕಲ್ಲಿನ ನೆಲ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಅಲ್ಲಿಯದೇ. ಇಂಥ ನೆಲದ ನೀರು ಗಡಸು. ನಿಮ್ಮ ಮನೆಯ ಗೀಸರಿನೊಳಗೆ ಬಿಳಿಯ ಪದರ ಕಟ್ಟುತ್ತದಲ್ಲ, ಗಡಸು ನೀರು ಕುದಿಸಿದರೆ ಬಾಯ್ಲರಿನಲ್ಲೂ ಅದೇ ಕಟ್ಟುತ್ತದೆ. ಅದು ದಪ್ಪವಾದರೆ ಬೆಂಕಿಯ ಕಾವು ನೀರಿಗೆ ತಾಗುವುದಿಲ್ಲ. ಕಲ್ಲಿದ್ದಲು ದಂಡ, ಬಾಯ್ಲರಿಗೂ ಅಪಾಯ. ಅದಕ್ಕಾಗಿ ಎಂಜಿನ್ನನ್ನು ಆಗಾಗ ಶೆಡ್ಡಿನಲ್ಲಿ ಆರಿಸಿ, ಒಳಗೆಲ್ಲ ನೀರು ಹಾಯಿಸಿ ತೊಳೆಯಬೇಕಿತ್ತು.

ಇದನ್ನೆಲ್ಲ ನನಗೆ ಹೇಳಿದವರು ನಮ್ಮ ಮುತ್ಯಾ, ನಮ್ಮಪ್ಪನ ತಂದೆ. ಸೇಡಂ ಕಡೆಯ ಹಳ್ಳಿಯಿಂದ ಬಂದು ಎಂಜಿನ್ ಒರೆಸುವ ಕ್ಲೀನರ್ ಆಗಿ ಸೇರಿದರು. ಆಮೇಲೆ ಎರಡನೇ ಫೈರ್‌ಮನ್, ಮೊದಲ ಫೈರ್‌ಮನ್, ಶಂಟರ್. ನಾನು ಕಣ್ಣು ಬಿಡುವ ಹೊತ್ತಿಗೆ ಅವರ ಎಂಜಿನ್‌ಗಳು ಹಳಿಯಲ್ಲಿರಲಿಲ್ಲ.

ಗಾಡಿ ಬೆಳಗಿನ ಜಾವ ಹೊರಡುವುದಾದರೆ ಕೆಲಸ ಹಿಂದಿನ ರಾತ್ರಿಯೇ ಶುರು. ತಣ್ಣಗಿರುವ ಎಂಜಿನ್ ಉಗಿ ಹಿಡಿಯಲು ಹಲವು ಗಂಟೆ ಬೇಕು. ಒಬ್ಬ ಬೆಂಕಿ ಹೊತ್ತಿಸುತ್ತಾನೆ, ಒಬ್ಬ ಬೂದಿ ಎಳೆಯುತ್ತಾನೆ, ಒಬ್ಬ ಕೀಲುಗಳಿಗೆ ಎಣ್ಣೆ ಬಿಡುತ್ತಾನೆ. ನಡುರಾತ್ರಿ ಕಾಲ್‌ಬಾಯ್ ಬಂದು ಕ್ವಾರ್ಟರ್ಸಿನ ಬಾಗಿಲು ಬಡಿದು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಆಯಿ ಎದ್ದು ರೊಟ್ಟಿ ಬಡಿಯುತ್ತಿದ್ದರು. ಹಾಗಾಗಿ ಆ ಎಂಜಿನ್ನಿಗೆ ಆಯಿಯೂ ದುಡಿದರೆಂದೇ ನನ್ನ ಲೆಕ್ಕ.

ಡಬ್ಲ್ಯೂ.ಪಿ., ಡಬ್ಲ್ಯೂ.ಜಿ. ಎಂಬ ದೊಡ್ಡ ಎಂಜಿನ್‌ಗಳಲ್ಲಿ ಚದರ ಅಂಗುಲಕ್ಕೆ 210 ಪೌಂಡ್ ಒತ್ತಡದ ಉಗಿ. ಅದು ಇಳಿಯದಂತೆ ನೋಡಿಕೊಳ್ಳುವುದು ಬರೀ ತೋಳಿನ ಕೆಲಸವಲ್ಲ. ಮುತ್ಯಾ ಹೇಳುತ್ತಿದ್ದರು: “ಕಲ್ಲಿದ್ದಲ ಒಗೀಬಾರದವ್ವಾ, ತೆಳ್ಳಗ ಹರವಬೇಕು. ಹೊಗಿ ಕರ್ರಗ ಬಂತಂದ್ರ ಫೈರ್‌ಮನ್‌ಗ ಕೆಲಸ ಬರಂಗಿಲ್ಲ ಅಂತ ತಿಳಿ.” ಕಪ್ಪು ಹೊಗೆಯೆಂದರೆ ಅರ್ಧ ಸುಟ್ಟ ಕಲ್ಲಿದ್ದಲು ಗಾಳಿಗೆ ಹೋಯಿತೆಂದೇ ಅರ್ಥ. ಸಿನಿಮಾದಲ್ಲಿ ನಮಗೆ ಚೆಂದ ಕಾಣುವ ಹೊಗೆ ಅವರಿಗೆ ನಾಚಿಕೆಯ ವಿಷಯ!

ಅವರ ಇನ್ನೊಂದು ಕಣ್ಣು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲೆ. ನೀರು ತೀರಾ ಇಳಿದರೆ ಬೆಂಕಿಗೂಡಿನ ನೆತ್ತಿಯಲ್ಲಿರುವ ಸೀಸದ ಬಿರಡೆ ಕರಗಿ, ಉಗಿ ಬೆಂಕಿಯ ಮೇಲೆ ಸುರಿಯುತ್ತದೆ. ಅದು ಕೊನೆಯ ಎಚ್ಚರಿಕೆ. ಅದನ್ನೂ ಮೀರಿದರೆ ಬಾಯ್ಲರು ಸಿಡಿಯಬಹುದು. ಹಿಂದೆ ಕೂತ ನೂರಾರು ಜನ ನಿದ್ದೆ ಮಾಡುತ್ತಿದ್ದದ್ದು ಮುಂದೆ ಮೂವರು ಎಚ್ಚರವಾಗಿದ್ದರೆಂಬ ನಂಬಿಕೆಯಲ್ಲಿ.

ದೊಡ್ಡ ರಿಪೇರಿಗೆ ಲಾಲಾಗುಡದ ಕಾರ್ಖಾನೆ. 1893ರಲ್ಲಿ ಶುರುವಾದ ಆ ಕಾರ್ಖಾನೆ ಇಂದಿಗೂ ಇದೆ. ಈಗ ಅಲ್ಲಿ ಬೋಗಿಗಳ ಕೆಲಸ. ತೆಲುಗು, ಉರ್ದು, ಕನ್ನಡ, ಮರಾಠಿ ಎಲ್ಲ ಕೂಡಿದ್ದ ರೈಲ್ವೆ ಮಂದಿ ಎಂಜಿನ್ನಿನ ಭಾಷೆಯೊಂದನ್ನು ಮಾತ್ರ ಸಮಾನವಾಗಿ ಆಡುತ್ತಿದ್ದರೆಂದು ಮುತ್ಯಾ ನಗುತ್ತಿದ್ದರು.

ಚಿತ್ತರಂಜನ್ ಕಾರ್ಖಾನೆಯಲ್ಲಿ ಕೊನೆಯ ಉಗಿ ಎಂಜಿನ್ ತಯಾರಾದದ್ದು 1972ರಲ್ಲಿ. ಬ್ರಾಡ್‌ಗೇಜಿನ ನಿತ್ಯ ಸಂಚಾರದ ಕೊನೆಯ ಉಗಿಬಂಡಿ 1995ರ ಡಿಸೆಂಬರಿನಲ್ಲಿ ಪಂಜಾಬಿನಲ್ಲಿ ಓಡಿತು. ಕೆಲವು ಎಂಜಿನ್‌ಗಳು ಬಣ್ಣ ಬಳಿಸಿಕೊಂಡು ನಿಲ್ದಾಣಗಳ ಮುಂದೆ, ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ನಿಂತಿವೆ. ಫಲಕದಲ್ಲಿ ತಯಾರಕರ ಹೆಸರಿದೆ, ವರ್ಷವಿದೆ. ಬೆಂಕಿ ಹಾಕಿದವರ ಹೆಸರಿಲ್ಲ.

ಕೇಳುಗರೆ, ಈಗ ನನ್ನದೊಂದು ತಪ್ಪೊಪ್ಪಿಗೆ. ಎಂಜಿನ್ನಿನ ಸದ್ದಿನಲ್ಲೇ ಬದುಕಿದ ಮುತ್ಯಾನಿಗೆ ಕೊನೆಗೆ ಕಿವಿ ಮಂದವಾಗಿತ್ತು. ರೇಡಿಯೋ ಜೋರಾಗಿ ಹಚ್ಚಿ, ಕಿವಿಗೆ ಆನಿಸಿಕೊಂಡು ಕೇಳುತ್ತಿದ್ದರು. ನಾನು ಬಿ.ಎ. ಓದುವಾಗ ತೀರಿಕೊಂಡರು. ಧ್ವನಿಯೇ ನನ್ನ ಅನ್ನ. ದಿನವೂ ಯಾರ ಯಾರದೋ ಮಾತು ಮುದ್ರಿಸಿಕೊಳ್ಳುತ್ತೇನೆ. ಮುತ್ಯಾನ ಧ್ವನಿ ಒಂದು ನಿಮಿಷದ್ದೂ ನನ್ನ ಬಳಿ ಇಲ್ಲ. ಇಂದು ನಿಮಗೆ ಹೇಳಿದ್ದೆಲ್ಲ ನೆನಪಿನಿಂದ ಹೆಕ್ಕಿದ್ದು. ಮರೆತದ್ದು ಎಷ್ಟೋ.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ಭಾನುವಾರ ಹೋಗಿ ಕೂತುಕೊಳ್ಳಿ. ಮೊಬೈಲಿನಲ್ಲೇ ಮುದ್ರಿಸಿಕೊಳ್ಳಿ. “ಬೆಂಕಿ ಹ್ಯಾಂಗ ಹಾಕ್ತಿದ್ರಿ?” ಎಂದು ಒಂದು ಮಾತು ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.