ಹಳೆಯ ಧಾಟಿ, ಹೊಸ ಚಿತ್ರ



ಒಂದೇ ಧಾಟಿಯನ್ನು ಅರವತ್ತು ವರ್ಷ ಕೇಳಿಸಿಯೂ ಜನರಿಗೆ ಬೇಸರ ಬಾರದಂತೆ ನೋಡಿಕೊಳ್ಳುವುದು ಹೇಗೆ? ಗೂಢಚಾರ ಜೇಮ್ಸ್ ಬಾಂಡನ ಚಿತ್ರಗಳಿಗೆ ಸಂಗೀತ ನೀಡಿದವರೆಲ್ಲ ಎದುರಿಸಿದ ಪ್ರಶ್ನೆ ಇದು. 1962ರ 'ಡಾಕ್ಟರ್ ನೋ' ಚಿತ್ರದಿಂದ 2021ರ 'ನೋ ಟೈಮ್ ಟು ಡೈ'ವರೆಗೆ ಈ ಸರಣಿಯಲ್ಲಿ 25 ಚಿತ್ರಗಳು ಬಂದವು. ನಟರು ಬದಲಾದರು, ಸಂಗೀತ ನಿರ್ದೇಶಕರು ಬದಲಾದರು. ಧಾಟಿ ಮಾತ್ರ ಉಳಿಯಿತು.

ಅದರ ಹುಟ್ಟಿನ ಕಥೆ ಸ್ವಾರಸ್ಯಕರವಾಗಿದೆ. ವಿ.ಎಸ್. ನೈಪಾಲರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿ ಟ್ರಿನಿಡಾಡ್ ದ್ವೀಪದಲ್ಲಿ ನೆಲೆಸಿದ ಭಾರತೀಯ ಮೂಲದವರ ಬದುಕನ್ನು ಕುರಿತದ್ದು. ಅದನ್ನಾಧರಿಸಿದ ಸಂಗೀತ ನಾಟಕಕ್ಕೆಂದು ಮಾಂಟಿ ನಾರ್ಮನ್ ಒಂದು ಹಾಡನ್ನು ರಚಿಸಿದ್ದರು. ನಾಟಕ ರಂಗವೇರಲಿಲ್ಲ. ಬದಿಗಿಟ್ಟಿದ್ದ ಆ ಧಾಟಿಯ ಸ್ವರಗಳನ್ನು ಬಿಡಿಬಿಡಿಯಾಗಿ ಒಡೆದು, ಅವರು ಬಾಂಡನಿಗೆ ಒದಗಿಸಿದರು.

ನಿರ್ಮಾಪಕರಿಗೆ ಅದು ಸಾಲದೆನಿಸಿತು. ಅವರು ತರುಣ ಜಾನ್ ಬ್ಯಾರಿಯನ್ನು ಕರೆಸಿದರು. ಬ್ಯಾರಿ ಅದಕ್ಕೆ ಜಾಝ್ ಲಯವನ್ನೂ ಅಬ್ಬರಿಸುವ ಹಿತ್ತಾಳೆ ವಾದ್ಯಗಳನ್ನೂ ಕೂಡಿಸಿದರು. ವಿಕ್ ಫ್ಲಿಕ್ ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು. ಹಾಗಾದರೆ ಈ ಕೃತಿ ಯಾರದು? ಧಾಟಿ ಕಟ್ಟಿದವರದೋ, ಅದಕ್ಕೆ ವಾದ್ಯಗಳ ಮೈ ತೊಡಿಸಿದವರದೋ? ಅದು ಬ್ಯಾರಿಯವರದೆಂದು ಬರೆದ ಪತ್ರಿಕೆಯೊಂದರ ಮೇಲೆ ನಾರ್ಮನ್ ಮೊಕದ್ದಮೆ ಹೂಡಿದರು. 2001ರಲ್ಲಿ ಲಂಡನ್ನಿನಲ್ಲಿ ತೀರ್ಪು ನಾರ್ಮನ್ನರ ಪರವಾಯಿತು. 30,000 ಪೌಂಡ್ ಪರಿಹಾರ ದೊರೆಯಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಆ ಸಂಗೀತವನ್ನು ಕೇಳುವಾಗ ಇಬ್ಬರ ಕೈವಾಡವೂ ಕಿವಿಗೆ ಬೀಳುತ್ತದೆ.

ಮುಂದೆ ಬ್ಯಾರಿ 11 ಬಾಂಡ್ ಚಿತ್ರಗಳಿಗೆ ಸಂಗೀತ ನೀಡಿದರು. ಅವರ ಉಪಾಯ ಸರಳವಾದುದು. ಶೀರ್ಷಿಕೆ ಗೀತೆಗೆ ಹೊಸ ಧಾಟಿ ಕಟ್ಟಿ, ಅದನ್ನೇ ಚಿತ್ರದೊಳಗೆ ಕೆಲವೆಡೆ ಮೆಲ್ಲನೆ, ಕೆಲವೆಡೆ ಭೀಕರವಾಗಿ ನುಡಿಸುವುದು. 1964ರ 'ಗೋಲ್ಡ್‌ಫಿಂಗರ್' ಇದಕ್ಕೆ ಒಳ್ಳೆಯ ಉದಾಹರಣೆ.

ಹಳೆಯ ಹಾದಿಯಿಂದ ದೂರ ಸರಿದವರೂ ಇದ್ದಾರೆ. 1995ರ 'ಗೋಲ್ಡನ್‌ಐ' ಚಿತ್ರಕ್ಕೆ ಎರಿಕ್ ಸೆರಾ ಬಹುಪಾಲು ಯಂತ್ರವಾದ್ಯಗಳ ಸಂಗೀತ ನೀಡಿದರು. ಆದರೆ ಟ್ಯಾಂಕ್ ಬೆನ್ನಟ್ಟುವ ದೃಶ್ಯಕ್ಕೆ ನಿರ್ಮಾಪಕರು ಜಾನ್ ಆಲ್ಟ್‌ಮನ್ ಅವರಿಂದ ಬೇರೆ ಸಂಗೀತ ಬರೆಯಿಸಿದರು. ಅದರಲ್ಲಿ ಹಳೆಯ ಧಾಟಿಯೇ ಮೊಳಗಿತು.

2006ರ 'ಕ್ಯಾಸಿನೋ ರಾಯಲ್'ನಲ್ಲಿ ಡೇವಿಡ್ ಆರ್ನಲ್ಡ್ ಮೂರನೆಯ ದಾರಿ ಹಿಡಿದರು. ಬಾಂಡ್ ಇನ್ನೂ ಪಳಗಿರದ ಗೂಢಚಾರನಾಗಿದ್ದಾಗಿನ ಕಥೆ ಅದು. ಆದುದರಿಂದ ಚಿತ್ರದುದ್ದಕ್ಕೂ ಧಾಟಿಯ ಸುಳಿವನ್ನಷ್ಟೇ ಕೊಟ್ಟು, ಕೊನೆಯಲ್ಲಿ ಅವನು ತನ್ನ ಹೆಸರು ಹೇಳಿದ ಮೇಲೆಯೇ ಅದನ್ನು ಪೂರ್ಣವಾಗಿ ನುಡಿಸಿದರು. ಕಾದಷ್ಟೂ ಅದರ ಬಲ ಹೆಚ್ಚಿತು.

ಪರಂಪರೆಯಿಂದ ಬಂದುದನ್ನು ಸುಮ್ಮನೆ ಪುನರಾವರ್ತಿಸಿದರೆ ಅದು ಸವೆಯುತ್ತದೆ. ಎಸೆದರೆ ಜನ ಅದನ್ನೇ ಹುಡುಕುತ್ತಾರೆ. ಎಲ್ಲಿ ನುಡಿಸಬೇಕು, ಎಲ್ಲಿ ತಡೆಹಿಡಿಯಬೇಕು ಎಂಬ ವಿವೇಚನೆಯೇ ಇಲ್ಲಿ ಸಂಗೀತಗಾರನ ನಿಜವಾದ ವಿದ್ಯೆ. ಮುಂದೆ ಯಾವುದೇ ಚಲನಚಿತ್ರ ನೋಡುವಾಗ, ಸಂಗೀತ ಎಲ್ಲಿ ಕೇಳಿಸುತ್ತದೆ ಎಂಬುದರ ಜೊತೆಗೆ ಅದು ಎಲ್ಲಿ ಮೌನವಾಗಿದೆ ಎಂಬುದನ್ನೂ ನೀವು ಗಮನಿಸಿ.