ಮುಪ್ಪಿನ ಗಡಿಯಾರಕ್ಕೆ ಬೆಳಕಿನ ಕೀಲಿ



ದೋಣಿಮಲೈ ಗಣಿಯಲ್ಲಿ ಪಾಳಿಯ ಮೇಲೆ ದುಡಿದು ನಿವೃತ್ತರಾದ ಹಿರಿಯರ ದೂರು ನಿಮಗೂ ಗೊತ್ತಿದ್ದದ್ದೇ: "ಹಗಲೆಲ್ಲ ತೂಕಡಿಕಿ, ರಾತ್ರಿ ನಿದ್ದಿ ಹತ್ತಂಗಿಲ್ಲ." ಪಾಳಿಯ ದುಡಿಮೆಗೆ ಇದರಲ್ಲಿ ಪಾಲಿರಬಹುದು. ಆದರೆ ಎಂದೂ ಪಾಳಿ ಮಾಡದ ಮುದಿ ಇಲಿಯದೂ ಇದೇ ಪಾಡು. ಪ್ರಾಯದಲ್ಲಿ ರಾತ್ರಿ ಓಡಾಡಿ ಹಗಲು ಮಲಗುತ್ತಿದ್ದ ಇಲಿಗೆ ಮುಪ್ಪು ಬಂದಂತೆ ನಿದ್ದೆ, ಓಡಾಟ ಎರಡೂ ತುಂಡುತುಂಡಾಗಿ ಇಡೀ ದಿನಕ್ಕೆ ಚದುರಿಹೋಗುತ್ತವೆ.

ದೇಹದೊಳಗೊಂದು ಗಡಿಯಾರವಿದೆ ಎಂಬ ಸುಳಿವು ಸಿಕ್ಕಿದ್ದು 1729ರಲ್ಲಿ, ಫ್ರಾನ್ಸಿನ ದ ಮೆರಾನ್ ಕತ್ತಲಲ್ಲಿಟ್ಟ ಒಂದು ಗಿಡದಿಂದ. ಬಿಸಿಲು ಕಾಣದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚುತ್ತಿತ್ತು. ಸಸ್ತನಿಗಳ ಮುಖ್ಯ ಗಡಿಯಾರ ಮೆದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲಿದೆ ಎಂದು ತಿಳಿದದ್ದು 1972ರಲ್ಲಿ. ಕಣ್ಣಿಗೆ ಬಿದ್ದ ಬೆಳಕು ಅದಕ್ಕೆ ದಿನವೂ ಕೀಲಿ ಕೊಡುತ್ತದೆ. ವಯಸ್ಸಾದಂತೆ ದಂಶಕಗಳಲ್ಲಿ ಈ ಗಡಿಯಾರ ಬೇಗ ಓಡತೊಡಗುತ್ತದೆ ಎಂದು ಪಿಟೆಂಡ್ರಿ ಮತ್ತು ಡಾನ್ 1974ರಲ್ಲಿ ವರದಿ ಮಾಡಿದರು. ಎಲ್ಲ ಪ್ರಾಣಿಗಳಲ್ಲೂ ಹಾಗಾಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಈ ಚರಿತ್ರೆಯಲ್ಲಿ ನಮ್ಮ ಕಡೆಯವರದೂ ದೊಡ್ಡ ಪಾಲಿದೆ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಮದುರೆಯಲ್ಲಿ ಎಂ. ಕೆ. ಚಂದ್ರಶೇಖರನ್ ಮತ್ತು ಸಂಗಡಿಗರು ಗುಹೆಯ ಬಾವಲಿಗಳನ್ನು ಗಮನಿಸಿದರು. ಬೆಳಕೇ ತಲುಪದ ಮೂಲೆಯಲ್ಲಿ ಪಂಜರದೊಳಗಿದ್ದ ಬಾವಲಿಯೂ, ಸಂಜೆ ಹೊರಗೆ ಹಾರುವ ತನ್ನವರ ಸದ್ದುಗದ್ದಲದಿಂದ ಹೊತ್ತು ತಿಳಿಯುತ್ತಿತ್ತು. ಮುಂದೆ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಬಂದರು. ಅಲ್ಲಿ ವಿ. ಶೀಬಾ, ವಿಜಯ್ ಕುಮಾರ್ ಶರ್ಮ, ಅಮಿತಾಭ್ ಜೋಶಿ ಮೊದಲಾದವರೊಂದಿಗೆ ಅವರು ಹಣ್ಣಿನ ನೊಣಗಳ ಮೇಲೆ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಹಗಲಿರುಳೂ ದೀಪದಡಿ ಬೆಳೆದ ನೊಣಗಳು ಮೊಟ್ಟೆ ಹೆಚ್ಚು ಇಟ್ಟವು, ಬೇಗ ಸತ್ತವು. ಆಯುಷ್ಯ ಕುಗ್ಗಿದ್ದಕ್ಕೆ ಆ ಮೊಟ್ಟೆಗಳ ಭಾರವೂ ಒಂದಿಷ್ಟು ಕಾರಣ ಎಂದು ಅವರು ತೋರಿಸಿದರು. ತಪ್ಪನ್ನೆಲ್ಲ ದೀಪದ ಮೇಲೆ ಹೊರಿಸದ ಆ ಎಚ್ಚರ ನನಗೆ ಬಹಳ ಹಿಡಿಸುತ್ತದೆ.

ಮುದಿ ಇಲಿಯ ಗಡಿಯಾರ ಕೆಟ್ಟೇಹೋಯಿತೇ? ಇಲ್ಲ. ಹಗಲಿನ ಬೆಳಕನ್ನು ಹೆಚ್ಚು ಪ್ರಖರ ಮಾಡಿದಾಗ ಮುದಿ ಇಲಿಗಳ ನಿದ್ದೆ ಎಚ್ಚರಗಳ ವ್ಯತ್ಯಾಸ ಮತ್ತೆ ಸ್ಪಷ್ಟವಾಯಿತೆಂದು ನೆದರ್ಲೆಂಡ್ಸಿನ ಸಂಶೋಧಕರು 1993ರಲ್ಲಿ ಕಂಡುಕೊಂಡರು. ಮುಪ್ಪಿನಲ್ಲಿ ಹೆಚ್ಚು ಬೆಳಕು ಬೇಕಾಗುವುದಕ್ಕೆ ಮನುಷ್ಯರಲ್ಲಿ ಒಂದು ಸರಳ ಕಾರಣವೂ ಇದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಗಡಿಯಾರಕ್ಕೆ ಬೇಕಾದ ನೀಲಿ ಬೆಳಕು ಒಳಗೆ ಇಳಿಯುವುದೇ ಕಡಿಮೆಯಾಗುತ್ತದೆ. ಅದೇ ದೇಶದ 12 ವೃದ್ಧಾಶ್ರಮಗಳಲ್ಲಿ ಹಗಲಿಡೀ ಪ್ರಖರ ದೀಪ ಉರಿಸಿ ನೋಡಿದಾಗ ಮರೆವಿನ ಕಾಯಿಲೆಯವರ ಖಿನ್ನತೆ ತುಸು ತಗ್ಗಿತು. 2008ರ ವರದಿ ಅದು.

ಬೆಳಕಿನ ಹೊತ್ತು ಏರುಪೇರಾದರೆ ಮಾತ್ರ ಮುದಿ ದೇಹಕ್ಕೆ ತಡೆದುಕೊಳ್ಳುವುದು ಕಷ್ಟ. ವಾರಕ್ಕೊಮ್ಮೆ ಬೆಳಕಿನ ವೇಳೆಯನ್ನು ಆರು ಗಂಟೆ ಮುಂಚಿತ ಮಾಡಿದಾಗ ಅರ್ಧಕ್ಕೂ ಹೆಚ್ಚು ಮುದಿ ಸುಂಡಿಲಿಗಳು ಸತ್ತವೆಂದು 2006ರಲ್ಲಿ ಅಮೆರಿಕದಿಂದ ವರದಿಯಾಯಿತು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮನೆಯ ಹಿರಿಯರನ್ನು ಕತ್ತಲ ಕೋಣೆಯಲ್ಲಿ ಟಿವಿ ಮುಂದೆ ಕೂರಿಸಬೇಡಿ. ಬೆಳಗಿನ ಎಳೆಬಿಸಿಲಲ್ಲಿ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಡಿ. ರಾತ್ರಿ ಟ್ಯೂಬ್‌ಲೈಟ್ ಆರಿಸಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಎಡವದ ಹಾಗೆ ಒಂದು ಮಂದ ದೀಪ ಇರಲಿ.