ಕೇಳುಗನ ಮೂರು ಮಾತು



ನಾನು ಸಂಗೀತಶಾಸ್ತ್ರ ಬಲ್ಲವನಲ್ಲ, ಬರಿಯ ಕೇಳುಗ. ಮೂರು ಧ್ವನಿಮುದ್ರಿಕೆಗಳ ಬಗ್ಗೆ ನನ್ನ ಅನಿಸಿಕೆಯನ್ನು ನಿವೇದಿಸುತ್ತೇನೆ.

ಮೊದಲನೆಯದು ಭೀಮಸೇನ ಜೋಶಿಯವರ ‘ದಾಸವಾಣಿ’. ಗದಗ ಸೀಮೆಯ ಈ ಗಾಯಕರು ಪುಣೆಯಲ್ಲಿ ನೆಲೆಸಿ, ಕುಂದಗೋಳದ ಗುರು ಸವಾಯಿ ಗಂಧರ್ವರ ಸ್ಮರಣೆಗೆ 1953ರಲ್ಲಿ ಇಲ್ಲಿಯೇ ಉತ್ಸವ ಆರಂಭಿಸಿದರು. ಅವರ ಮರಾಠಿ ಅಭಂಗಗಳಲ್ಲಿ ದಿಂಡಿಯ ನಡಿಗೆಯಿದೆ. ದಾಸರ ಪದಗಳಲ್ಲಿ ದೇವರಮನೆಯ ಆಪ್ತತೆಯಿದೆ. ವಿಠ್ಠಲನೊಬ್ಬನೇ, ನುಡಿ ಎರಡು.

ಎರಡನೆಯದು 1978ರ ‘ನಿತ್ಯೋತ್ಸವ’. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ ನಿಸಾರ್ ಅಹಮದರ ಒಂದಕ್ಷರವನ್ನೂ ನುಂಗುವುದಿಲ್ಲ. ಸುಗಮ ಸಂಗೀತಕ್ಕೆ ಇದೇ ಒರೆಗಲ್ಲು.

ಮೂರನೆಯದು 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಹಾಡುಗಳು. ಸಿ. ಅಶ್ವಥ್ ಅವರ ಏರುದನಿ ತತ್ವಪದಗಳನ್ನು ನಗರದ ಮನೆಮನೆಗೂ ಮುಟ್ಟಿಸಿತು. ಆದರೆ ಏಕತಾರಿಯ ಏಕಾಂತ ವಾದ್ಯವೃಂದದಲ್ಲಿ ಕೆಲವೆಡೆ ಮರೆಯಾಗಿದೆಯೆಂಬುದು ನನ್ನ ತಕರಾರು.

ಇಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಲಿಪಿ ಬಾರದು. ಕಿವಿಗೆ ಲಿಪಿ ಬೇಕಿಲ್ಲ, ನಿಜ. ಅರ್ಥ ಹೇಳುವವರು ಬೇಕು. ಹಾಡು ಮುಗಿದ ಮೇಲೆ ಒಂದು ಪದದ ಅರ್ಥವನ್ನಾದರೂ ಅವರಿಗೆ ತಿಳಿಸೋಣ. ಇಲ್ಲವಾದರೆ ನಮ್ಮ ಮನೆಗಳಲ್ಲಿ ಕನ್ನಡ ಬರಿಯ ರಾಗವಾಗಿ ಉಳಿದೀತು.